ಅಂಗೈಯಲ್ಲಿದ್ದ ಮನೆ

ಮನುಷ್ಯ ಎಲ್ಲಿಗೆ ಹೋದರೂ ತನ್ನ ಮನೆಯನ್ನು ಮೈಗೆ ಮೆತ್ತಿಕೊಂಡೇ ಹೋಗುತ್ತಾನೆ ಎಂಬುದು ಬೂದಿಜ್ವರ ಬರುವ ತನಕ ಪ್ರಯೋಗಾಲಯಗಳ ಕೆಲವರಿಗೆ ಮಾತ್ರ ಗೊತ್ತಿದ್ದ ಸಂಗತಿ. ಒಂದೇ ಸೂರಿನಡಿ ಉಂಡು ಮಲಗುವವರ ಚರ್ಮದ ಮೇಲೆ ಒಂದೇ ಬಗೆಯ ಸೂಕ್ಷ್ಮಜೀವಿಗಳ ಸಂಸಾರ ನೆಲೆಸಿರುತ್ತದೆ. ಅದೇ ಸಂಸಾರ ಆ ಮನೆಯ ಹೊಸ್ತಿಲ ಮೇಲೆ, ಬಾಗಿಲ ಚಿಲಕದ ಮೇಲೆ, ಕೊಡದ ಕಂಠದ ಮೇಲೆ ಕೂಡ ಇರುತ್ತದೆ. ಪಕ್ಕದ ಮನೆಯದು ಬೇರೆ, ಎದುರು ಮನೆಯದು ಬೇರೆ.

ಬೂದಿಜ್ವರ ಹಬ್ಬಿದಾಗ ರಾಜ್ಯಗಳ ನಡುವಿನ ದಾರಿಗಳೆಲ್ಲ ಮುಚ್ಚಿದವು. ಹೊರಗೆ ಸಿಕ್ಕಿಕೊಂಡವರು ನ್ಯಾಯಾಲಯಕ್ಕೆ ಹೋದರು. ಎಂಥ ರೋಗವೇ ಬರಲಿ, ಪ್ರಜೆಯೊಬ್ಬ ತನ್ನ ಮನೆಗೆ ಮರಳುವುದನ್ನು ಯಾರೂ ತಡೆಯುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಆದರೆ ಗುರುತಿನ ಚೀಟಿಯ ವಿಳಾಸ ಒಂದು, ಜನ ಬಾಳುತ್ತಿದ್ದ ಊರು ಇನ್ನೊಂದು. ಮನೆಗೆಂದು ಹೇಳಿ ಹೋದವರು ಯಾರ್ಯಾರದೋ ಮನೆ ಸೇರಿದರು, ಅವರ ಹಿಂದೆಯೇ ಜ್ವರವೂ ಸೇರಿತು. ಆಗ ಬಂದದ್ದು ಮನೆಗುರುತು ಯಂತ್ರ. ಗಡಿಗೆ ಬಂದವರ ಅಂಗೈಯನ್ನು ಹತ್ತಿಕಡ್ಡಿಯಿಂದ ಒರೆಸುತ್ತಾರೆ. ಅವರು ಹೇಳಿದ ಮನೆಯ ಹೊಸ್ತಿಲನ್ನು ಆ ಊರಿನ ಆರೋಗ್ಯ ಕಾರ್ಯಕರ್ತೆ ಇನ್ನೊಂದು ಕಡ್ಡಿಯಿಂದ ಒರೆಸುತ್ತಾಳೆ. ಯಂತ್ರ ಎರಡನ್ನೂ ಓದಿ ಹೋಲಿಸುತ್ತದೆ. ಹೊಂದಿಕೆ ಗೆರೆ ದಾಟಿದರೆ ಹಸಿರು ದೀಪ ಹತ್ತಿ ಗಡಿಯ ಬಾಗಿಲು ತೆರೆಯುತ್ತದೆ. ಬಂದವರು ನೇರ ಮನೆಗೆ ಹೋಗಿ ಮನೆಯವರ ಜೊತೆಗೇ ಬಾಗಿಲು ಹಾಕಿಕೊಂಡಿರಬೇಕು. ದಾಟದಿದ್ದರೆ ಕೆಂಪು. ಕೆಂಪು ಬಿದ್ದವರನ್ನು ಅವರವರ ಚೀಟಿಯಲ್ಲಿದ್ದ ತಾಲ್ಲೂಕಿನ ಆಶ್ರಯ ಶಿಬಿರಕ್ಕೆ ಕಳಿಸುತ್ತಾರೆ, ಜ್ವರ ಇಳಿಯುವ ತನಕ ಅಲ್ಲಿಂದ ಕದಲುವಂತಿಲ್ಲ.

ನೀಲಾಂಬಿಕಾ ಹೂಗಾರ ಆ ಯಂತ್ರ ಕಟ್ಟಿದ ತಂಡದಲ್ಲಿದ್ದವಳು. ಹಸಿರಿಗೂ ಕೆಂಪಿಗೂ ನಡುವಿನ ಗೆರೆ ಎಲ್ಲಿರಬೇಕೆಂದು ಲೆಕ್ಕ ಹಾಕಿ ಎಳೆದವಳೇ ಅವಳು. ನಾಲ್ಕು ಜನರೆದುರು ನಿಂತು ಮಾತಾಡಬೇಕೆಂದರೆ ಗಂಟಲು ಒಣಗುತ್ತಿತ್ತು. ಹಾಗಾಗಿ ಭೀಮಾ ನದಿಯ ಸೇತುವೆಯ ಈಚೆ ದಡದ ನಿಯಂತ್ರಣ ಕೊಠಡಿಯಲ್ಲಿ ಮಾನಿಟರ್ ಮುಂದೆ ಕೂರುವ ಕೆಲಸ ಅವಳಿಗೆ ಹಿಡಿಸಿತ್ತು. ಮೊದಲ ತಿಂಗಳುಗಳಲ್ಲಿ ಮಾನಿಟರ್ ತುಂಬ ಹಸಿರು. ಬರಬರುತ್ತಾ ಕೆಂಪು ಹೆಚ್ಚಾಯಿತು. ಕಾರಣ ಅವಳಿಗೆ ಗೊತ್ತಿತ್ತು. ಮನೆಯಿಂದ ದೂರ ಉಳಿದಷ್ಟೂ ಮೈಮೇಲಿನ ಮನೆ ಮಾಸುತ್ತದೆ. ಯಾರು ಹೆಚ್ಚು ದಿನ ಹೊರಗೆ ಬಳಲಿದ್ದರೋ ಅವರನ್ನೇ ಯಂತ್ರ ಹೊರಗಿಡತೊಡಗಿತ್ತು.

ನಾಟಕ ಕಂಪನಿಯವರು ಸೇತುವೆಗೆ ಬಂದದ್ದು ಒಂದು ಶುಕ್ರವಾರ. ಶ್ರೀ ಚಂದ್ರಗಿರೀಶ್ವರ ನಾಟ್ಯ ಸಂಘ ಎಂದು ಅವರ ಹೆಸರು. ಗಜೇಂದ್ರಗಡದ ಹತ್ತಿ ಮಾರುಕಟ್ಟೆಯ ಬಯಲಿನಲ್ಲಿ ಟೆಂಟು ಹಾಕಿ ಕ್ಯಾಂಪ್ ಮಾಡಿದ್ದವರು, ಸೊಲ್ಲಾಪುರದ ಕನ್ನಡದವರು ಕರೆದರೆಂದು ನಾಲ್ಕೈದು ಆಟಗಳಿಗಷ್ಟೇ ಸಣ್ಣ ಸಾಮಾನು ಕಟ್ಟಿಕೊಂಡು ಗಡಿ ದಾಟಿದ್ದರು. ಹಿಂದೆಯೇ ದಾರಿ ಮುಚ್ಚಿತು. ಅಲ್ಲಿಯ ಶಾಲೆಯೊಂದರಲ್ಲಿ ಮಳೆಗಾಲ ಕಳೆದು ಚಳಿಗಾಲ ಬಂದಿತ್ತು.

ಅವರ ಅಂಗೈಗಳನ್ನು ಒರೆಸಿದ್ದಾಯಿತು. ಚೀಟಿಯಲ್ಲಿದ್ದ ಊರುಗಳಿಂದ ಹೊಸ್ತಿಲ ಮಾದರಿಗಳೂ ಬಂದವು. ಒಬ್ಬರದು ಇಳಕಲ್ಲು, ಒಬ್ಬರದು ರೋಣ, ಒಬ್ಬರದು ಮುದ್ದೇಬಿಹಾಳ. ಎಲ್ಲರಿಗೂ ಕೆಂಪು. ಕಂಪನಿಯ ಮಾಲೀಕನೂ ಹಾಸ್ಯಪಾತ್ರದವನೂ ಆದ ರಾಜೇಸಾಬ, ಬಾಗಿಲ ಬಳಿಯ ಮೈಕಿಗೆ ಬಾಯಿ ಹಚ್ಚಿ ಕೇಳಿದ.

“ಮೇಡಮ್ಮಾರ, ನಿಮ್ಮ ಯಂತ್ರಕ್ಕ ಹಸರ ದೀಪ ಅನ್ನೂದು ಐತೋ ಇಲ್ಲೋ? ನಮ್ಮ ಕಂಪನ್ಯಾಗ ಕೆಂಪ ಲೈಟ ರಾಕ್ಷಸ ಬಂದಾಗ ಅಷ್ಟ ಹಾಕ್ತೇವ್ರಿ.”

ಅವನ ಹಿಂದೆ ನಿಂತಿದ್ದ ಹೆಂಗಸು ಮುಂದೆ ಬಂದಳು. ಚಂದ್ರಕಲಾ ಸವಣೂರ, ಕಂಪನಿಯ ನಾಯಕಿ ಪಾತ್ರದವಳು. ಅವಳ ಚೀಟಿಯಲ್ಲಿ ಸವಣೂರಿನ ಒಂದು ಮನೆಯ ವಿಳಾಸವಿತ್ತು. ಅವಳ ಅವ್ವ ತೀರಿಕೊಂಡ ಮೇಲೆ ಅದಕ್ಕೆ ಬೀಗ ಬಿದ್ದು ಎಷ್ಟೋ ವರ್ಷಗಳಾಗಿದ್ದವು. ತಾನು ಹೋಗಬೇಕಾದ್ದು ಗಜೇಂದ್ರಗಡದ ಟೆಂಟಿಗೆ ಎಂದು ಅವಳು ಹೇಳಿದ್ದಳು. ಟೆಂಟಿಗೆ ಮನೆ ನಂಬರು ಇಲ್ಲವೆಂದು ಬಾಗಿಲ ಸಿಬ್ಬಂದಿ ಬರೆದುಕೊಂಡಿರಲಿಲ್ಲ. ಸೊಲ್ಲಾಪುರಕ್ಕೆ ಹೊರಟ ದಿನ ಅವಳ ಆರು ವರ್ಷದ ಮಗಳು ಲಲಿಗೆ ಕೆಮ್ಮಿತ್ತು. ವಾರದಲ್ಲಿ ಬರುತ್ತೇವಲ್ಲ ಎಂದು ಟೆಂಟು ಕಾಯುವ ಅಂದಾನೆಪ್ಪನ ಹತ್ತಿರ ಬಿಟ್ಟು ಬಂದಿದ್ದಳು.

“ಸವಣೂರಿನ ಶಿಬಿರಕ್ಕ ಕಳಸ್ತಾರಂತ,” ಎಂದಳು ಚಂದ್ರಕಲಾ. ದನಿ ಎತ್ತಲಿಲ್ಲ, ಆದರೂ ಕೊಠಡಿಯ ಮೂಲೆಗೂ ಮುಟ್ಟಿತು. “ಅಲ್ಲಿ ನನ್ನವರು ಯಾರದಾರ ತಂಗಿ? ನನ್ನ ಕೂಸು ಒಂದ ಕಡೆ, ನಾ ಒಂದ ಕಡೆ. ಇದನ್ನ ಮನಿಗೆ ಕಳಸೂದು ಅಂತೀರೇನು?”

ಸೋಮವಾರ ಬಸ್ಸುಗಳು ಬಂದು ಕಂಪನಿಯವರನ್ನು ಬೇರೆ ಬೇರೆ ತಾಲ್ಲೂಕುಗಳಿಗೆ ಹಂಚಲಿದ್ದವು.

ಕಂಪನಿಯ ಮಾದರಿಗಳನ್ನು ಕಡತಕ್ಕೆ ಸೇರಿಸುವಾಗ ಯಂತ್ರ ಒಂದು ಎಚ್ಚರಿಕೆ ಕೊಟ್ಟಿತು. ಮಾದರಿಗಳು ಒಂದರೊಳಗೊಂದು ಬೆರೆತಿವೆ, ಮತ್ತೆ ತೆಗೆಯಿರಿ. ಕಡ್ಡಿಗಳು ಒಂದಕ್ಕೊಂದು ತಾಗಿರಬೇಕೆಂದು ನೀಲಾಂಬಿಕಾ ಬಾಗಿಲ ಸಿಬ್ಬಂದಿಯನ್ನು ಗದರಿದಳು. ಎಲ್ಲರ ಅಂಗೈಯನ್ನೂ ಹೊಸ ಕೈಗವಸು ಹಾಕಿ ಮತ್ತೆ ಒರೆಸಿದರು. ಯಂತ್ರ ಮತ್ತೆ ಅದೇ ಎಚ್ಚರಿಕೆ ಕೊಟ್ಟಿತು.

ಅವಳು ಕುರ್ಚಿ ಎಳೆದುಕೊಂಡು ಒಬ್ಬರ ಅಂಗೈಯನ್ನು ಇನ್ನೊಬ್ಬರ ಅಂಗೈ ಜೊತೆ ಹೋಲಿಸುತ್ತಾ ಹೋದಳು. ಯಾವುದೂ ಬೆರೆತಿರಲಿಲ್ಲ. ಬೇರೆ ಬೇರೆ ಜಾತಿಯ, ಬೇರೆ ಬೇರೆ ಊರಿನ, ರಕ್ತಸಂಬಂಧವಿಲ್ಲದ ಈ ಜನರ ಮೈಮೇಲೆ ಒಂದೇ ಸಂಸಾರವಿತ್ತು. ಇಷ್ಟು ಗಟ್ಟಿ ಹೊಂದಿಕೆಯನ್ನು ಅವಳು ಒಡಹುಟ್ಟಿದವರಲ್ಲೂ ಕಂಡಿರಲಿಲ್ಲ. ಹೊರಗಿದ್ದಷ್ಟು ದಿನವೂ ಜೊತೆಗೇ ಇದ್ದುದರಿಂದ ಇವರ ಮನೆ ಮಾಸಿರಲಿಲ್ಲ. ಯಂತ್ರ ಅದನ್ನು ತಪ್ಪು ವಿಳಾಸಗಳಲ್ಲಿ ಹುಡುಕುತ್ತಿತ್ತು.

*

ಊರೊಳಗಿನ ಬಾಡಿಗೆ ಮನೆಗೆ ಬಂದಾಗ ಅವ್ವ ಶಿವಗಂಗವ್ವ ಬಚ್ಚಲಲ್ಲಿ ಬಿಸಿನೀರು ತೋಡಿಟ್ಟಿದ್ದಳು. ಮಿಂದು ಬಂದು, ಅವ್ವನಿಂದ ಮಾರು ದೂರದಲ್ಲಿಟ್ಟ ತಾಟಿನ ಮುಂದೆ ಕೂತು ರೊಟ್ಟಿ ಮುರಿಯುವುದು ಈ ಕಾಲದ ರೂಢಿಯಾಗಿತ್ತು. ಅವ್ವ ಓಣಿಯ ಸುದ್ದಿಗಳನ್ನೆಲ್ಲ ಹೇಳಿದಳು. ಎದುರು ಮನೆಯ ಕಾಶವ್ವನ ಗಂಡ ಇನ್ನೂ ಪುಣೆಯಲ್ಲೇ ಇದ್ದ. ಅವನು ಬರುವ ತನಕ ಅವಳು ಹೊಸ್ತಿಲು ತೊಳೆಯುವುದಿಲ್ಲ, ಸಾರಿಸುವುದಿಲ್ಲ, ದೀಪಾವಳಿಗೂ ಬಾಗಿಲು ಒರೆಸಲಿಲ್ಲ. ಗಂಡನ ಕೈಗುರುತು ಅಳಿದುಹೋದೀತೆಂದು ಅವಳಿಗೆ ಹೆದರಿಕೆ. ಊರಲ್ಲಿ ಅಂಥ ಧೂಳು ಹಿಡಿದ ಹೊಸ್ತಿಲುಗಳು ಎಷ್ಟೋ ಇದ್ದವು. ಧೂಳು ಕಂಡರೆ ಆ ಮನೆಯವರಾರೋ ದಾರಿಯಲ್ಲಿದ್ದಾರೆ ಎಂದು ಜನ ತಿಳಿದುಕೊಳ್ಳುತ್ತಿದ್ದರು.

“ನಿಮ್ಮ ಯಂತ್ರ ಹೆಣ್ಮಕ್ಕಳನ್ನ ಹೊಲಸ ಮಾಡಿ ಕುಂಡ್ರಿಸೇತಿ ನೋಡು,” ಎಂದಳು ಅವ್ವ.

ಮಗಳು ನಾಟಕ ಕಂಪನಿಯ ವಿಷಯ ತೆಗೆದಳು. ಶಿವಗಂಗವ್ವ ಹರೆಯದಲ್ಲಿ ಕಂಪನಿ ನಾಟಕಗಳನ್ನು ಬಿಡದೆ ನೋಡಿದವಳು. ಒಬ್ಬಳೇ ಹೋಗಿದ್ದಕ್ಕೆ ಅತ್ತೆಯಿಂದ ಬೈಸಿಕೊಂಡವಳು. ಗೆರೆ ಎಳೆದವಳು ನೀನೇ ಅಲ್ಲವೇ, ಒಂದಿಷ್ಟು ಇಳಿಸಿದರೆ ಅವರೆಲ್ಲ ದಾಟಿಹೋಗುತ್ತಾರಲ್ಲ ಎಂದಳು. ನೀಲಾಂಬಿಕಾಳ ತಲೆಯಲ್ಲೂ ಅದು ಸುಳಿದಿತ್ತು. ಆದರೆ ಗೆರೆ ಇಳಿಸಿದರೆ ನಾಳೆ ಸುಳ್ಳು ಮನೆಯವರೂ ದಾಟುತ್ತಾರೆ, ಜ್ವರ ಕಾಶವ್ವನ ಹೊಸ್ತಿಲಿಗೂ ಬರುತ್ತದೆ. ಅವರನ್ನು ಕದ್ದು ದಾಟಿಸಿದರೆ ಅವರಿಗೆ ಮನೆಯಿದೆ ಎಂದು ಯಾರೂ ಒಪ್ಪಿದಂತಾಗುವುದಿಲ್ಲ. ಇದನ್ನು ಅವ್ವನಿಗೆ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು. ಅವ್ವ ಅವಳ ತಾಟಿಗೆ ಇನ್ನೊಂದು ರೊಟ್ಟಿ ದೂರದಿಂದಲೇ ಎಸೆದಳು.

“ಮಾತಾಡವಾ ತಾಯಿ. ಗ್ವಾಡಿ ಜೋಡಿ ಮಾತಾಡಿದಂಗ ಆಗತೈತಿ ನಿನ್ನ ಜೋಡಿ.”

*

ಶನಿವಾರ ಕೇಂದ್ರದ ಮುಖ್ಯಸ್ಥ ಡಾಕ್ಟರ್ ಇನಾಮದಾರರ ಮುಂದೆ ಅಂಗೈಗಳ ಹೋಲಿಕೆಯನ್ನು ಇಟ್ಟಳು. ನಿದ್ದೆಗೆಟ್ಟ ಕಣ್ಣುಗಳ ದೊಡ್ಡ ಮನುಷ್ಯ ಅವರು. ಅಂಕಿಗಳನ್ನು ಎರಡು ಸಲ ನೋಡಿ, ಇವರು ಒಂದೇ ಮನೆಯವರು ಎಂಬುದರಲ್ಲಿ ತಮಗೆ ಅನುಮಾನವಿಲ್ಲ ಎಂದರು. ಆದರೆ ನಿಯಮ ಹೇಳುವುದು ಮನುಷ್ಯರಿಗೂ ಮನುಷ್ಯರಿಗೂ ಇರುವ ಹೊಂದಿಕೆಯನ್ನಲ್ಲ, ಮನುಷ್ಯರಿಗೂ ಜಾಗಕ್ಕೂ ಇರುವ ಹೊಂದಿಕೆಯನ್ನು.

“ಮನಿ ಎಲ್ಲೈತಿ ತೋರಸು,” ಎಂದರು. “ತೋರಿಸಿದ್ರ ಪ್ರಯಾಣ ಪೀಠದ ಮುಂದ ನಾನ ಕುಂತು ವಾದಾ ಮಾಡ್ತೇನಿ.”

ಟೆಂಟಿನಿಂದ ಮಾದರಿ ತೆಗೆಯಲು ಊರಿನ ಕಾರ್ಯಕರ್ತೆಗೆ ಅಧಿಕಾರವಿರಲಿಲ್ಲ. ನೀಲಾಂಬಿಕಾ ತಾನೇ ಹೋಗುವುದೆಂದಾಯಿತು. ಸಂಜೆ ಅಂದಾನೆಪ್ಪನಿಗೆ ಫೋನು ಮಾಡಿ, ನಾಳೆ ಸರಕಾರದ ಕಡೆಯಿಂದ ಟೆಂಟು ನೋಡಲು ಬರುತ್ತೇವೆ ಎಂದಷ್ಟೇ ಹೇಳಿ ಇಟ್ಟಳು. ಇನ್ನೆರಡು ಮಾತು ಆಡಬೇಕಿತ್ತು ಎಂದು ಅವಳಿಗೆ ಅನಿಸಿದ್ದು ಮರುದಿನ, ಜೀಪಿನಿಂದ ಇಳಿಯುವಾಗ ಫಿನೈಲಿನ ವಾಸನೆ ಮೂಗಿಗೆ ಬಡಿದಾಗ.

ಅಂದಾನೆಪ್ಪ ಬಿಳಿ ಧೋತರ ಉಟ್ಟು, ಬಯಲಿನ ಅಂಚಿನಲ್ಲಿ ಕೈಮುಗಿದು ನಿಂತಿದ್ದ. ಟೆಂಟಿನ ಕಂಬಗಳು ತೊಳೆದು ಮಿಂಚುತ್ತಿದ್ದವು. ಮಂಚಗಳು, ಪಾತ್ರೆಗಳು, ಬಣ್ಣದ ಪೆಟ್ಟಿಗೆಗಳು, ಕುರ್ಚಿಗಳು, ಹಗ್ಗಗಳು ಎಲ್ಲವೂ ಬಿಸಿಲಿಗೆ ಒಣಗುತ್ತಿದ್ದವು. ಊರಿನ ಎಲ್ಲ ಮನೆಗಳಿಗೂ ಹೊಸ್ತಿಲು ತೊಳೆಯಬೇಡಿ ಎಂದು ಡಂಗುರ ಹೊಡೆಸಿದ್ದರು. ಟೆಂಟು ಮನೆಯಲ್ಲವೆಂದು ಅಲ್ಲಿಗೆ ಯಾರೂ ಬಂದು ಹೇಳಿರಲಿಲ್ಲ. ಜ್ವರದ ಕಾಲ, ಸರಕಾರದವರು ಬರುತ್ತಾರೆ, ಹೊಲಸಿದ್ದರೆ ಕಂಪನಿಯ ಮರ್ಯಾದೆ ಹೋಗುತ್ತದೆ ಎಂದು ಆ ಮುದುಕ ಕೊಡಗಟ್ಟಲೆ ನೀರು ಹೊತ್ತು ಎಲ್ಲವನ್ನೂ ಫಿನೈಲಿನಿಂದ ತಿಕ್ಕಿದ್ದ.

“ಒಂದ ನುಶಿ ಸೈತ ಇಲ್ರೀ,” ಎಂದ ಹೆಮ್ಮೆಯಿಂದ.

ನೀಲಾಂಬಿಕಾ ಪೆಟ್ಟಿಗೆ ತೆರೆದು ಕಡ್ಡಿಗಳನ್ನು ತೆಗೆದಳು. ಕಂಬ ಒರೆಸಿದಳು, ಮಂಚದ ಕಾಲು, ಅಡುಗೆಯ ಸಟ್ಟುಗ, ಪೆಟ್ಟಿಗೆಗಳ ಹಿಡಿಕೆ. ಕೈಯಲ್ಲಿ ಹಿಡಿಯುವಷ್ಟೇ ದೊಡ್ಡದಾದ ಯಂತ್ರ ಒಂದೊಂದನ್ನೂ ಓದಿ ಖಾಲಿ ಎಂದಿತು. ನಿನ್ನೆಯ ತನಕ ಈ ಬಯಲಿನಲ್ಲಿ ಒಂದು ಮನೆಯಿತ್ತು. ತಾನು ಎರಡು ಮಾತಿಗೆ ಸಂಕೋಚಪಟ್ಟದ್ದಕ್ಕೆ ಅದು ತೊಳೆದುಹೋಗಿತ್ತು.

ಆಗಿನಿಂದಲೇ ಒಬ್ಬ ಹುಡುಗಿ ಅವಳ ಹಿಂದೆ ಹಿಂದೆಯೇ ತಿರುಗುತ್ತಿದ್ದಳು. ಎರಡು ಜಡೆ, ಮೊಳಕಾಲ ತನಕ ಇಳಿದ ಯಾರದೋ ದೊಡ್ಡ ಅಂಗಿ. ಹತ್ತಿ ಮಾರುಕಟ್ಟೆಯ ಹೆಂಗಸರು ಸರದಿಯಂತೆ ಉಣ್ಣಿಸಿ ಬೆಳೆಸುತ್ತಿದ್ದ ಲಲಿ. ಎಷ್ಟು ಹೊತ್ತಾದರೂ ಅವಳು ಅವ್ವನ ಸುದ್ದಿ ಕೇಳಲಿಲ್ಲ. ಕೇಳಿ ಕೇಳಿ ಸಾಕಾಗಿ ಬಿಟ್ಟಿದ್ದಾಳೆಂದು ಅಂದಾನೆಪ್ಪ ಮೆಲ್ಲಗೆ ಹೇಳಿದ. ಬದಲಿಗೆ, ಬಂದವರಿಗೆ ಟೆಂಟು ತೋರಿಸುವುದು ತನ್ನ ಹಕ್ಕೆಂಬಂತೆ ನೀಲಾಂಬಿಕಾಳ ಬೆರಳು ಹಿಡಿದು ರಂಗದ ಮೇಲೆ ಹತ್ತಿಸಿದಳು. ಇದು ಸಿಂಹಾಸನ, ಇದು ಕಾಡು, ಇದು ಜೈಲು ಎಂದು ತೋರಿಸುತ್ತಾ ಹೋದಳು. ಕಟ್ಟಿಗೆ, ತಗಡಿನ ಆ ಸಾಮಾನಿನ ಮೇಲೆಲ್ಲ ಫಿನೈಲಿನ ವಾಸನೆ.

ರಂಗದ ಮುಂಭಾಗದಲ್ಲಿ ಮೇಲೆ ಸುತ್ತಿ ಕಟ್ಟಿದ್ದ ದೊಡ್ಡ ಪರದೆಯೊಂದು ಉಳಿದಿತ್ತು. ನೀಲಾಂಬಿಕಾ ಅದನ್ನು ಇಳಿಸಲು ಹೇಳಿದಾಗ ಅಂದಾನೆಪ್ಪ ಇದ್ದಕ್ಕಿದ್ದಂತೆ ಮುದುಡಿದ. ಬೇಡ ಎಂದ. ಒತ್ತಾಯ ಮಾಡಿದ ಮೇಲೆ ಹಗ್ಗ ಸಡಿಲಿಸಿದ. ಅರಮನೆ, ಕೊಳ, ಎರಡು ನವಿಲು ಬರೆದ ಮುಂಪರದೆ ನೆಲಕ್ಕೆ ಇಳಿಯಿತು. ಇಳಿದದ್ದೇ ಅವನು ಓಡಿಹೋಗಿ ಅದರ ಕೆಳಗಿನ ಅಂಚನ್ನು ಒಳಕ್ಕೆ ಮಡಚಿ, ಅದರ ಮುಂದೆ ಅಡ್ಡ ನಿಂತ.

ಅಲ್ಲೇನಿದೆ ಎಂದು ಅವಳು ಕೇಳಿದಳು.

“ಇದೊಂದ ತೊಳಿಯಾಕ ಆಗಲಿಲ್ರಿ,” ಎಂದ ಅಂದಾನೆಪ್ಪ, ನೆಲ ನೋಡುತ್ತಾ. “ನೀರ ಬಿದ್ರ ಬಣ್ಣಾ ಹರದು ನವಿಲ ಎಲ್ಲಾ ಹಾಳಾಗ್ತಾವ. ಅಂಚ ಭಾಳ ಹೊಲಸ ಐತಿ. ನೀವು ಬರಕೋಬ್ಯಾಡ್ರಿ.”

ಅವಳು ಬಾಗಿ ಮಡಿಕೆ ಬಿಡಿಸಿದಳು. ಪರದೆಯ ಅಂಚು ಉದ್ದಕ್ಕೂ ಎಣ್ಣೆಜಿಡ್ಡು ಹಿಡಿದು, ಬಣ್ಣದ ಪುಡಿ ಕೂತು, ಕಪ್ಪಗೆ ಚರ್ಮದಂತೆ ಹೊಳೆಯುತ್ತಿತ್ತು. ಯಾಕೆ ಹೀಗಾಗಿದೆ ಎಂದು ಕೇಳಿದ್ದಕ್ಕೆ ಲಲಿಯೇ ಮಾಡಿ ತೋರಿಸಿದಳು. ನಾಂದಿ ಹಾಡು ಮುಗಿದ ಮೇಲೆ, ಪರದೆ ಏಳುವ ಮುಂಚೆ, ಕಂಪನಿಯವರೆಲ್ಲ ಸಾಲಾಗಿ ನಿಂತು ಅಂಚನ್ನು ಎರಡೂ ಕೈಯಿಂದ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ರಾಜ, ದೂತ, ಅಡುಗೆಯವ, ಹಾರ್ಮೋನಿಯಂ ನುಡಿಸುವವ, ಯಾರೂ ಬಿಡುವಂತಿಲ್ಲ. ಲಲಿ ಅಂಚಿಗೆ ಕೈ ಚಾಚುತ್ತಿದ್ದಂತೆ ನೀಲಾಂಬಿಕಾ ಅವಳ ಕೈಯನ್ನು ಗಾಳಿಯಲ್ಲೇ ಹಿಡಿದಳು.

ಕಂಪನಿ ಹೋದ ದಿನ ಸುತ್ತಿ ಕಟ್ಟಿದ ಪರದೆಯನ್ನು ಆಮೇಲೆ ಯಾರೂ ಇಳಿಸಿರಲಿಲ್ಲ. ಬಿಸಿಲು ತಾಗಿರಲಿಲ್ಲ, ಮಳೆ ಬಿದ್ದಿರಲಿಲ್ಲ, ಫಿನೈಲು ಮುಟ್ಟಿರಲಿಲ್ಲ. ಅವಳು ಅಂಚಿನ ಗುಂಟ ಮಂಡಿಯೂರಿಕೊಂಡು ಸಾಗಿ ಮಾದರಿ ತೆಗೆದಳು. ಅವಸರದಲ್ಲಿ ಒಂದು ಕಡ್ಡಿ ಮುರಿಯಿತು. ಯಂತ್ರ ಓದಲು ಶುರು ಮಾಡಿ ಬಹಳ ಹೊತ್ತು ಸುಮ್ಮನಿತ್ತು, ಓದುವುದಕ್ಕೆ ಅಷ್ಟಿತ್ತು. ಕೊನೆಗೆ ಅಂಗೈಗಳ ಪಕ್ಕಕ್ಕೆ ಪರದೆಯ ಅಂಚನ್ನು ಇಟ್ಟು ತೋರಿಸಿತು. ರಾಜೇಸಾಬ, ಹಸಿರು. ಚಂದ್ರಕಲಾ, ಹಸಿರು. ಅದರ ಕೆಳಗೂ ಹಸಿರು, ಅದರ ಕೆಳಗೂ.

ಅಧಿಕಾರಿಗಳು ನೆಲದ ಮೇಲೆ ಕೂತು ಅಳುವುದನ್ನು ಅಂದಾನೆಪ್ಪ ಕಂಡಿರಲಿಲ್ಲ. ಹೊಲಸಿನ ಬಗ್ಗೆ ಬರೆದುಕೊಂಡಿರಾ ಎಂದು ಹೆದರಿ ಕೇಳಿದ. ಬರೆದುಕೊಂಡೆ ಎಂದಳು ಅವಳು, ಒಂದು ಎಳೆಯೂ ಬಿಡದೆ ಬರೆದುಕೊಂಡೆ.

*

ಸೋಮವಾರ ಸೇತುವೆಯ ಬಳಿ ಬಸ್ಸುಗಳು ಬಂದು ನಿಂತಿದ್ದವು. ಒಂದೊಂದರ ಮೇಲೂ ಒಂದೊಂದು ಶಿಬಿರದ ಹೆಸರು. ನಿಯಂತ್ರಣ ಕೊಠಡಿಯ ದೊಡ್ಡ ಮಾನಿಟರಿನಲ್ಲಿ ಗಡಿ ದಾಟುವವರ ತಕರಾರು ತೀರ್ಮಾನಿಸುವ ಪ್ರಯಾಣ ಪೀಠದ ಮೂವರು ಕಾಣಿಸಿಕೊಂಡರು. ನಡುವೆ ನಿವೃತ್ತ ನ್ಯಾಯಾಧೀಶೆ, ಅವರ ಬಲಕ್ಕೆ ಕಾನೂನು ಅಧಿಕಾರಿ. ಇನಾಮದಾರರು ಮಾತು ಕೊಟ್ಟಂತೆ ವಾದಕ್ಕೆ ಕೂತರು.

ಕಾನೂನು ಅಧಿಕಾರಿ ಯಂತ್ರದ ಫಲವನ್ನು ಅಲ್ಲಗಳೆಯಲಿಲ್ಲ. ಅವರ ತಕರಾರು ಬೇರೆಯಿತ್ತು. ಮನೆ ಎಂದರೆ ಗೋಡೆ, ಚಾವಣಿ, ನಂಬರು ಇರುವ ಕಟ್ಟಡ. ಇವತ್ತು ಪರದೆಯನ್ನು ಮನೆ ಎಂದರೆ ನಾಳೆ ಎತ್ತಿನಗಾಡಿಯನ್ನೂ ಮನೆ ಎನ್ನುತ್ತಾರೆ. ಆಮೇಲೆ ಯಾರನ್ನು ಎಲ್ಲಿಗೆ ಕಳಿಸುವುದು? ಇನಾಮದಾರರು ನಿಯಮದ ಸಾಲುಗಳನ್ನು ಓದಿದರು, ಅಧಿಕಾರಿ ಬೇರೆ ಸಾಲುಗಳನ್ನು ಓದಿದರು. ನ್ಯಾಯಾಧೀಶೆ ಗಡಿಯಾರ ನೋಡಿದರು. ಹೊರಗೆ ಸವಣೂರಿನ ಬಸ್ಸಿನ ಇಂಜಿನ್ ಶುರುವಾಯಿತು.

ಆ ಸದ್ದಿಗೆ ನೀಲಾಂಬಿಕಾ ಎದ್ದು ನಿಂತಳು. ಎದ್ದ ಮೇಲೆ ಕೂರುವುದು ಇನ್ನೂ ಕಷ್ಟವೆಂದು ತಿಳಿದು ಮಾತಾಡಿದಳು.

“ಕಾಗದದಾಗಿನ ಮನಿ ಸುಳ್ಳ ಆಗ್ತಾವ ಅಂತ ನೀವ ಈ ಯಂತ್ರ ಮಾಡ್ಸೀರಿ ಸರ್. ಖರೇ ಮನಿ ಹುಡುಕಿ ಕೊಡ್ರಿ ಅಂದ್ರಿ. ಹುಡುಕಿ ಕೊಟ್ಟೇವಿ. ಈಗ ಮತ್ತ ಕಾಗದಾ ತೋರಸ್ರಿ ಅಂದ್ರ, ಯಂತ್ರ ಯಾಕ ಬೇಕಾಗಿತ್ತು?”

ಇನಾಮದಾರರು ಅವಳತ್ತ ತಿರುಗಿ ನೋಡಿದರು. ಅವಳ ದನಿಯನ್ನು ಇಷ್ಟು ಗಟ್ಟಿಯಾಗಿ ಅವರು ಕೇಳಿದ್ದು ಅದೇ ಮೊದಲು. ನ್ಯಾಯಾಧೀಶೆ ಕನ್ನಡಕ ಸರಿಮಾಡಿಕೊಂಡು, ಬಾಗಿಲ ಬಳಿ ಇರುವವರಲ್ಲಿ ಒಬ್ಬರು ಮಾತಾಡಲಿ ಎಂದರು. ಮೈಕನ್ನು ಚಂದ್ರಕಲಾಳಿಗೆ ಕೊಟ್ಟರು. ನೀವು ವಾಸಿಸುವುದು ಎಲ್ಲಿ ಎಂದು ನ್ಯಾಯಾಧೀಶೆ ಕೇಳಿದರು.

“ಪರದಿ ಹಿಂದರಿ,” ಎಂದಳು ಅವಳು. “ಮುಂದ ನಾವು ರಾಜಾ ರಾಣಿ. ಆಟಾ ಮುಗದ ಮ್ಯಾಲ ಹಿಂದ ಬಂದು ಒಂದ ಒಲಿ ಹಚ್ಚತೇವಿ. ಜಡ್ಡ ಆದ್ರ ಅಲ್ಲೇ ಮಲಗತೇವಿ. ನನ್ನ ಮಗಳು ಅಲ್ಲೇ ಹುಟ್ಟ್ಯಾಳ. ಈ ರಾಜೇಸಾಬಣ್ಣ ಅವತ್ತ ಹೊರಗ ನಿಂತು ಜನರನ್ನ ನಗಿಸ್ಕೋತನ ಇದ್ದ, ನನ್ನ ಚೀರಾಟ ಅವರಿಗೆ ಕೇಳಬಾರದಂತ. ಊರು ಬದಲ್ಯಾಗ್ತಾವ್ರಿ ತಾಯಿ, ಪರದಿ ಬದಲ್ಯಾಗೂದಿಲ್ಲ. ಎಲ್ಲೆ ಅದು ಇಳೀತದೋ ಅಲ್ಲೆ ನಮ್ಮ ಮನಿ. ಈಗ ಅದು ಗಜೇಂದ್ರಗಡದಾಗ ಐತಿ.”

ರಾಜೇಸಾಬ ಎಲ್ಲಿ ಏನು ಹೇಳಬೇಕೆಂದು ಗೊತ್ತಿದ್ದವನು, ಈಗ ಸುಮ್ಮನಿರಬೇಕೆಂಬುದೂ ಅವನಿಗೆ ಗೊತ್ತಿತ್ತು.

ನ್ಯಾಯಾಧೀಶೆ ಪಕ್ಕದವರ ಜೊತೆ ಪಿಸುಮಾತಾಡಿದರು. ಕಾನೂನು ಅಧಿಕಾರಿ ತಲೆ ಅಲ್ಲಾಡಿಸಿದರು, ಮತ್ತೆ ಅಲ್ಲಾಡಿಸಿದರು, ಮೂರನೆಯ ಸಲ ತಲೆ ತಗ್ಗಿಸಿದರು. ಮನೆಗೆ ಮರಳುವ ಹಕ್ಕು ಎಂದು ನ್ಯಾಯಾಲಯ ಹೇಳಿದೆಯೇ ಹೊರತು ಕಟ್ಟಡಕ್ಕೆ ಮರಳುವ ಹಕ್ಕು ಎಂದು ಎಲ್ಲೂ ಹೇಳಿಲ್ಲ ಎಂದು ನ್ಯಾಯಾಧೀಶೆ ತೀರ್ಪು ಕೊಟ್ಟರು. ಜೊತೆಗೆ ಬಾಳಿದವರು ಜೊತೆಗೆ ಬಾಳಿದ ಜಾಗವನ್ನು ಯಂತ್ರ ಗುರುತಿಸಿದರೆ ಅದು ಮನೆ. ಗೋಡೆ ಇರಲಿ, ಬಿಡಲಿ.

ನೀಲಾಂಬಿಕಾ ಕೀಲಿಮಣೆಯ ಮುಂದೆ ಕೂತು ಮನೆ ನಂಬರಿನ ಜಾಗದಲ್ಲಿ “ಮುಂಪರದೆ, ಚಂದ್ರಗಿರೀಶ್ವರ ನಾಟ್ಯ ಸಂಘ” ಎಂದು ಹೊಡೆದಳು. ಮಾನಿಟರಿನ ಮೇಲಿಂದ ಕೆಳಗಿನ ತನಕ ಹಸಿರು ಇಳಿಯಿತು. ಸೇತುವೆಯ ಬಾಗಿಲು ತೆರೆದ ಸದ್ದು ಕಿಟಕಿಯಿಂದ ಬಂತು, ಅದರ ಹಿಂದೆಯೇ ಹಾರ್ಮೋನಿಯಂ. ಯಾರೋ ನಡೆಯುತ್ತಲೇ ಅದನ್ನು ಎದೆಗೆ ಅವಚಿಕೊಂಡು ನುಡಿಸುತ್ತಿದ್ದರು. ಬಸ್ಸಿನವರು ಶಿಬಿರದ ಹೆಸರಿನ ಹಲಗೆಗಳನ್ನು ಕಳಚಿದರು. ಒಂದೇ ಬಸ್ಸು ಸಾಕಾಗಿತ್ತು.

ಆ ತೀರ್ಪಿನ ಸುದ್ದಿ ಬಸ್ಸಿಗಿಂತ ಮುಂಚೆ ಊರುಗಳನ್ನು ಮುಟ್ಟಿತು. ಕೊಲ್ಹಾಪುರದ ಕಡೆ ಸಿಕ್ಕಿಕೊಂಡಿದ್ದ ಕಬ್ಬು ಕಡಿಯುವ ಗುಂಪುಗಳಿಂದ ಮಧ್ಯಾಹ್ನವೇ ಫೋನು ಬಂತು. ಕುರಿ ಕಾಯುತ್ತಾ ತಿರುಗುವವರು ತಮ್ಮ ಕಂಬಳಿಗಳ ಮಾದರಿ ತೆಗೆಯಲು ಕೇಳಿದರು. ಕರಾವಳಿಯಿಂದ ಒಬ್ಬ, ಆರು ವರ್ಷ ಜೊತೆಗೆ ಬಲೆ ಎಳೆದ ತಮ್ಮ ದೋಣಿ ಮನೆಯಾಗುತ್ತದೆಯೇ ಎಂದು ಕೇಳಿದ. ಒರೆಸಿ ನೋಡೋಣ ಎಂದು ನೀಲಾಂಬಿಕಾ ಅವನಿಗೆ ತಾನೇ ಉತ್ತರ ಕೊಟ್ಟಳು.

*

ಮನೆಗೆ ಮರಳಿದವರು ಒಳಗೆ ಹೋದದ್ದನ್ನು ಕಣ್ಣಾರೆ ಕಂಡು ಬಾಗಿಲಿಗೆ ಮೊಹರು ಹಾಕಿ ಬರುವುದು ನಿಯಮ. ಬಾಗಿಲೇ ಇಲ್ಲದ ಮನೆಗೆ ಮೊಹರು ಹೇಗೆಂದು ಗೊತ್ತಾಗದೆ ನೀಲಾಂಬಿಕಾ ಒಂದು ಸುರುಳಿ ಹಳದಿ ಪಟ್ಟಿ ತೆಗೆದುಕೊಂಡು ಬಸ್ಸಿನ ಹಿಂದೆ ಜೀಪಿನಲ್ಲಿ ಹೋದಳು. ಗಜೇಂದ್ರಗಡದ ದಾರಿಯುದ್ದಕ್ಕೂ ಜನ ತಮ್ಮ ತಮ್ಮ ಮಾಳಿಗೆಗಳ ಮೇಲೆ ನಿಂತಿದ್ದರು. ತಾಟು ಬಡಿದರು, ಹೂ ತೂರಿದರು. ಬಸ್ಸಿನ ಕಿಟಕಿಯಿಂದ ರಾಜೇಸಾಬ ಮಹಾರಾಜನಂತೆ ಕೈ ಬೀಸುತ್ತಾ ಬಂದ.

ಬಯಲಿನಲ್ಲಿ ಅಂದಾನೆಪ್ಪ ಟೆಂಟಿನ ಮುಂದೆ ನೀರು ಚಿಮುಕಿಸಿದ್ದ. ಫಿನೈಲು ಮುಟ್ಟಿಲ್ಲವೆಂದು ಕೈ ತೋರಿಸಿ ಆಣೆ ಮಾಡಿದ. ಚಂದ್ರಕಲಾ ಬಸ್ಸಿನಿಂದ ಎಲ್ಲರಿಗಿಂತ ಮುಂಚೆ ಇಳಿದು ಓಡುತ್ತಾ ಹೋದವಳು ಟೆಂಟಿನ ಬಾಯಲ್ಲಿ ಗಕ್ಕನೆ ನಿಂತಳು.

ಟಿಕೆಟ್ ಮಾರುವ ತಗಡಿನ ಗೂಡಿನೊಳಗೆ ಲಲಿ ಕೂತಿದ್ದಳು. ಕಿಂಡಿಯ ಮಟ್ಟಕ್ಕೆ ಬರಲೆಂದು ಕೆಳಗೆ ಏನನ್ನೋ ಒಟ್ಟಿಕೊಂಡಿದ್ದಳು. ಅವ್ವನನ್ನು ನೋಡಿದರೂ ನೋಡದವಳಂತೆ ಮುಖ ಗಂಟು ಹಾಕಿಕೊಂಡು, ಕೈ ಹೊರಗೆ ಚಾಚಿದಳು.

“ಟಿಕೀಟ?”

ಕಂಪನಿಯವರು ಹಿಂದೆ ಸಾಲುಗಟ್ಟಿ ನಿಂತರು. ಸಾವಿರ ಜನರೆದುರು ತಡವರಿಸದ ಚಂದ್ರಕಲಾ ಕಿಂಡಿಯ ಮುಂದೆ ಬಾಯಿ ತೆರೆದುಕೊಂಡು ನಿಂತಳು. ಕೊನೆಗೆ ತನ್ನ ಅಂಗೈಯನ್ನು ಆ ಪುಟ್ಟ ಕೈಯ ಮೇಲೆ ಇಟ್ಟಳು. ಲಲಿ ಅದನ್ನು ತಿರುವಿ ನೋಡಿದಳು, ಮೂಸಿದಳು. ಆಮೇಲೆ ಗೂಡಿನೊಳಗೆ ಒಟ್ಟಿದ್ದದ್ದೆಲ್ಲ ಉರುಳಿಬಿದ್ದ ಸದ್ದಾಯಿತು, ಹುಡುಗಿ ಹೊರಗೆ ಹಾರಿ ಅವ್ವನ ಕೊರಳಿಗೆ ಜೋತುಬಿದ್ದಳು. ಸಿಟ್ಟೂ ಅಳುವೂ ಒಟ್ಟಿಗೇ ಬಂದು ಅವ್ವನ ಬೆನ್ನಿಗೆ ಗುದ್ದುಗಳಾದವು.

ಅವ್ವನ ಹೆಗಲ ಮೇಲಿಂದಲೇ ಅವಳು ಉಳಿದವರ ಟಿಕೆಟ್ ನೋಡಿದಳು. ಒಬ್ಬೊಬ್ಬರೂ ಅಂಗೈ ತೋರಿಸಿ ಒಳಗೆ ಹೋದರು. ರಾಜೇಸಾಬ ರಿಯಾಯಿತಿ ಕೇಳಿ ಬೈಸಿಕೊಂಡ. ಎಲ್ಲರ ಕೊನೆಗೆ ನೀಲಾಂಬಿಕಾ, ಹಳದಿ ಪಟ್ಟಿ ಹಿಡಿದು ಒಳಗೊಮ್ಮೆ ಇಣುಕೋಣವೆಂದು ಹೆಜ್ಜೆ ಇಟ್ಟಳು. ಲಲಿ ಮೂಗೊರೆಸಿಕೊಂಡು ಅವಳ ಅಂಗೈ ಹಿಡಿದು ನೋಡಿದಳು.

“ನೀವು ನಮ್ಮನಿಯವರಲ್ಲ,” ಎಂದಳು. “ನೀವು ಹೊರಗ ನಿಂದ್ರಬೇಕು.”

ಚಂದ್ರಕಲಾಳಿಗೆ ನಾಚಿಕೆಯಾಗಿ ಮಗಳ ಬಾಯಿ ಮುಚ್ಚಲು ಹೋದಳು. ನೀಲಾಂಬಿಕಾ ಬೇಡವೆಂದು ತಲೆಯಾಡಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಟೆಂಟಿನ ಬಾಯಿಗೆ ಅಡ್ಡಲಾಗಿ ಹಳದಿ ಪಟ್ಟಿ ಕಟ್ಟಿದಳು. ಒಳಗೆ ಯಾರೋ ಒಲೆ ಹಚ್ಚಿದರು. ಆ ದಿನವಿಡೀ, ಗಡಿಯಿಂದ ಈ ಬಯಲಿನ ತನಕ, ಬಾಗಿಲಲ್ಲಿ ತಡೆಸಿಕೊಂಡು ಹೊರಗೆ ಉಳಿದವಳು ಅವಳೊಬ್ಬಳೇ. ಜೀಪಿನ ಕಡೆ ನಡೆಯುವಾಗ ಅವಳಿಗೆ ನಗು ತಡೆಯಲಾಗಲಿಲ್ಲ.